ಹೊಳೆಯುವ ಕಡೆಗೆ ವಿಭೂತಿ

ಹರಿಹರದ ಆ ಮನೆಯಲ್ಲಿ ಎಲ್ಲರೂ ಜಮಖಾನದ ಮೇಲೆ ಕೂತಿದ್ದರು. ನನ್ನ ಮಂಡಿಗಳು ಅದಕ್ಕೆ ಒಪ್ಪುವುದಿಲ್ಲವಾದ್ದರಿಂದ ಯಾರೋ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದರು. ಎದುರಿಗೆ ಸ್ಟೂಲಿನ ಮೇಲೆ ಅವಳ ಫೋಟೋ. ಯಾವುದೋ ಐಡಿ ಕಾರ್ಡಿನಿಂದ ದೊಡ್ಡದು ಮಾಡಿಸಿದ್ದು. ಕಣ್ಣು ಸ್ವಲ್ಪ ಅಗಲ, ಹಣೆ ಖಾಲಿ, ಹಿಂದಿನಿಂದ ಯಾರೋ ಹೆಸರು ಹಿಡಿದು ಕರೆದರೇನೋ ಎಂಬಂಥ ಮುಖ. ಇಂಥ ಮನೆಗಳಲ್ಲಿ ಏನು ಮಾತಾಡಬೇಕೆಂದು ಈ ವಯಸ್ಸಿನಲ್ಲೂ ನನಗೆ ತಿಳಿಯುವುದಿಲ್ಲ. ಟೀ ಲೋಟ ಹಿಡಿದು ಕೂತಿದ್ದೆ. ಅಷ್ಟರಲ್ಲಿ ಅವಳ ತಮ್ಮ ಫೋನನ್ನು ಎದೆಗೆ ಒತ್ತಿಕೊಂಡು ನನ್ನ ಹತ್ತಿರ ಬಂದು ಬಗ್ಗಿದ.

“ಮಿಸ್, ಫ್ಲೆಕ್ಸ್ ಅಂಗಡಿಯೋನು ಲೈನಿನಾಗೆ ಅದಾನೆ. ಅಕ್ಕನ ಹೆಸರಿನ ಕೆಳಗೆ ಏನ್ ಹಾಕ್ಲಿ ಅಂತ ಕೇಳ್ತಾನೆ. ಏನ್ ಹೇಳ್ಲಿ?”

ನಮ್ಮ ಕಡೆ ತೀರಿಕೊಂಡವರ ಶಿವಗಣಾರಾಧನೆಗೆ ಕಟ್ಟಿಸುವ ಫ್ಲೆಕ್ಸ್ ಅಂದರೆ ಅದಕ್ಕೊಂದು ಕ್ರಮವಿದೆ. ಮೇಲೆ ‘ಲಿಂಗೈಕ್ಯ’, ನಡುವೆ ಫೋಟೋ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಹೆಸರು, ಹೆಸರಿನ ಕೆಳಗೆ ಒಂದು ಸಾಲು. ನಿವೃತ್ತ ಮುಖ್ಯೋಪಾಧ್ಯಾಯರು. ಕಾಳುಕಡಿ ವರ್ತಕರು. ಪ್ರಗತಿಪರ ರೈತರು. ಏನೂ ಇಲ್ಲದಿದ್ದರೆ ಗೃಹಿಣಿ. ಬಸ್ಸಿಗೆ ನಿಂತವರು ಮುಖ ನೋಡಿ, ಹೆಸರು ಓದಿ, ಆ ಸಾಲು ಓದಿದ ಮೇಲೆಯೇ “ಓ, ಇವರಾ” ಅನ್ನುವುದು.

“ಸಾಫ್ಟ್‌ವೇರ್ ಇಂಜಿನಿಯರ್ ಅಂತ ಹಾಕ್ಬಿಡ್ಲೇನ್ರೀ?” ಅಂದ.

ಒಳಗಿನಿಂದ ಅವನ ಹೆಂಡತಿ, “ಹಂಗಂದ್ರೆ ಬೈತಿದ್ರು ಅವ್ರು. ‘ಸಾಫ್ಟ್‌ವೇರ್ ಅಲ್ಲ, ಅದರ ಕೆಳಗಿಂದು’ ಅಂತಿದ್ರು” ಅಂದಳು.

“ಹೆಸರಿನ ಕೆಳಗೆ ‘ಕೆಳಗಿಂದು’ ಅಂತ ಹಾಕೋಕೆ ಬರ್ತೈತೇನೇ?”

ಜಮಖಾನದ ಮೇಲಿದ್ದ ಯಾರೋ ನಗು ನುಂಗಿದರು. ತಮ್ಮ ನನ್ನ ಕಡೆ ತಿರುಗಿದ. “ನಿಮ್ಮನಿ ಮ್ಯಾಲೆ ಅಷ್ಟು ವರ್ಷ ಇದ್ಲು. ನೀವು ಕಾನ್ವೆಂಟ್ ಓದಿದೋರು, ಇಂಗ್ಲಿಷ್ ಕಲಿಸಿದೋರು. ನಿಮಗೆ ಗೊತ್ತಿರ್ತೈತೆ ಮಿಸ್. ಒಂದು ಸಾಲು ಹೇಳ್ರಿ ಸಾಕು.”

ಟು ಬಿ ಆನೆಸ್ಟ್, ನನಗೆ ಗೊತ್ತಿರಲಿಲ್ಲ. “ಸಂಜೆ ಫೋನ್ ಮಾಡ್ತೀನಪ್ಪ” ಅಂದು ಎದ್ದೆ. ದಾವಣಗೆರೆಗೆ ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಆ ಒಂದು ಸಾಲಿಗಾಗಿ ತಲೆ ಕೆದಕಿದೆ. ಅವಳ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಫ್ಲೆಕ್ಸಿನಲ್ಲಿ ಅಷ್ಟು ದೊಡ್ಡದಾಗಿ ಬಂತಲ್ಲ, ಅಷ್ಟು ಸಾಕು.

ಅವಳು ನಮ್ಮ ಮಹಡಿ ಮನೆಗೆ ಬಾಡಿಗೆಗೆ ಬಂದಾಗ ನಲವತ್ತು ದಾಟಿದ್ದಳು. ಹರಿಹರದ ಬಟ್ಟೆ ಅಂಗಡಿಯವರ ಮಗಳು. ಮದುವೆ ಆಗಿರಲಿಲ್ಲ. ಸಾಮಾನು ಅಂತ ಬಂದದ್ದು ಒಂದು ಮೇಜು, ಎರಡು ದೊಡ್ಡ ಸ್ಕ್ರೀನು, ಮಂಚಕ್ಕಿಂತ ಭಾರದ ಒಂದು ಯುಪಿಎಸ್ ಬ್ಯಾಟರಿ. ಪಾತ್ರೆಗಳ ಡಬ್ಬ ಕೊನೆಗೆ ಬಂತು, ಅದೂ ಚಿಕ್ಕದು. ಬಾಡಿಗೆಗೆ ಬರುವವರು ನೀರು ಎಷ್ಟು ಹೊತ್ತಿಗೆ ಬಿಡ್ತಾರೆ ಅಂತ ಕೇಳುವುದು ವಾಡಿಕೆ. ಇವಳು ಕೇಳಿದ್ದು ಕರೆಂಟ್ ಹೆಂಗೆ ಹೋಗ್ತೈತೆ ಅಂತ.

“ಹೆಂಗೆ ಅಂದ್ರೆ?”

“ಹೇಳಿ ಹೋಗ್ತೈತೋ, ಹೇಳ್ದೆ ಹೋಗ್ತೈತೋ ಅಂತ, ಮಿಸ್.”

ಮೊದಲ ದಿನವೇ ಮಿಸ್. ಊರಲ್ಲಿ ಅರ್ಧ ಜನ ನನ್ನನ್ನು ಹಾಗೇ ಕರೆಯುತ್ತಾರೆ, ನಾನು ಕಲಿಸದೆ ಇದ್ದವರೂ ಕೂಡ.

ಏನು ಕೆಲಸ ಅಂತ ಕೇಳಿದೆ. ಸಿಡಿ, ಡಿವಿಡಿ ಅಂತಿರ್ತಾವಲ್ಲ, ಅವನ್ನು ಕಂಪ್ಯೂಟರಿಗೆ ಓದೋಕೆ ಬರ್ತೈತೋ ಇಲ್ಲೋ ಅಂತ ಟೆಸ್ಟ್ ಮಾಡೋದು ಅಂದಳು. ಇಷ್ಟು ನನಗೆ ಅರ್ಥವಾಯಿತು. ಒಂದು ವಾರ ಕಳೆದು ಹೋಳಿಗೆ ಕೊಡಲು ಮೇಲೆ ಹೋದವಳು ಸುತ್ತ ಕಣ್ಣಾಡಿಸಿದೆ. ಒಂದೇ ಒಂದು ಡಿಸ್ಕ್ ಕಾಣಲಿಲ್ಲ.

“ಡಿಸ್ಕ್ ಎಲ್ಲಮ್ಮ?”

“ಡಿಸ್ಕ್ ಇಲ್ಲ ಮಿಸ್.”

“ಹಾಕೋ ಡ್ರೈವು?”

“ಅದೂ ಇಲ್ಲ.”

“ಕಂಪ್ಯೂಟರ್ ಆದ್ರೂ ಇದೆಯಲ್ಲ?”

“ಐತೆ. ಆದ್ರೆ ಟೆಸ್ಟ್ ಮಾಡೋದು ಇದನ್ನಲ್ಲ. ಇದರೊಳಗೆ ಇನ್ನೊಂದು ಐತೆ, ಸುಳ್ಳಿಂದು. ಅದಕ್ಕೆ ಸುಳ್ಳು ಡ್ರೈವು, ಸುಳ್ಳು ಡಿಸ್ಕು. ವರ್ಚುವಲ್ ಮಷೀನ್ ಅಂತಾರೆ.”

ನಾನು ಹೋಳಿಗೆ ತಟ್ಟೆ ಹಿಡಿದುಕೊಂಡೇ ನಿಂತಿದ್ದೆ. ಇಲ್ಲದ ಕಂಪ್ಯೂಟರಿನಲ್ಲಿ ಇಲ್ಲದ ಡಿಸ್ಕನ್ನು ಓದಿಸಿ ಸಂಬಳ ತೆಗೆದುಕೊಳ್ಳುವ ಹೆಣ್ಣುಮಗಳು. ಹುಚ್ಚೇನೋ ಅಂದುಕೊಳ್ಳಬೇಕು. ಆದರೆ ನನಗೆ ಥಟ್ಟನೆ ನೆನಪಾದದ್ದು ಬೋರ್ಡಿಂಗ್ ಸ್ಕೂಲಿನ ಎಟಿಕೆಟ್ ಕ್ಲಾಸು. ಶನಿವಾರ ಮಧ್ಯಾಹ್ನ ಸಿಸ್ಟರ್ ನಮ್ಮನ್ನೆಲ್ಲ ಉದ್ದ ಮೇಜಿಗೆ ಕೂರಿಸಿ, ಖಾಲಿ ತಟ್ಟೆ ಇಟ್ಟು, ಸೂಪ್ ಕುಡಿಯುವುದನ್ನು ಕಲಿಸುತ್ತಿದ್ದರು. ಸೂಪ್ ಇರುತ್ತಿರಲಿಲ್ಲ. ಚಮಚ ನಮ್ಮಿಂದ ದೂರಕ್ಕೆ ಹೋಗಬೇಕು, ಸದ್ದಾಗಬಾರದು, ಗಲ್ಲ ಬಗ್ಗಬಾರದು. ಖಾಲಿ ತಟ್ಟೆಯಲ್ಲಿ ನಾವೆಲ್ಲ ಎಷ್ಟು ಎಲಿಗೆಂಟ್ ಆಗಿ ಸೂಪ್ ಕುಡಿದೆವು!

ಅದನ್ನು ಹೇಳಿದೆ. ಅವಳು ಕುರ್ಚಿಯಿಂದ ಎದ್ದೇಬಿಟ್ಟಳು. “ಅದೇ ಮಿಸ್! ಎಗ್ಸಾಕ್ಟ್ ಅದೇ!” ಮತ್ತೆ ಕೂತು, “ಆಮ್ಯಾಲೆ ನಿಜವಾದ ಸೂಪ್ ಬಂದಾಗ ಏನಾತು?” ಅಂದಳು.

“ಅದು ಬಿಸಿ ಇತ್ತಮ್ಮ. ಸಿಸ್ಟರ್ ಅದನ್ನ ಹೇಳಿರಲಿಲ್ಲ. ಯೂನಿಫಾರ್ಮ್ ಮೇಲೆ ಚೆಲ್ಲಿಕೊಂಡೆ.”

ನಕ್ಕಳು. ಆದರೆ ನಗುವ ಹೊತ್ತಿಗೆ ಕನ್ನಡಕ ತೆಗೆದು ಚೂಡಿದಾರದ ವೇಲಿನಿಂದ ಒರೆಸುತ್ತಿದ್ದಳು. ಅವಳು ಕನ್ನಡಕ ಒರೆಸಿದರೆ ತಲೆಯೊಳಗೆ ಏನೋ ಹೊಕ್ಕಿದೆ ಎಂದು ಅರ್ಥ ಅಂತ ಆಮೇಲಾಮೇಲೆ ತಿಳಿದುಕೊಂಡೆ. ಏನು ಹೊಕ್ಕಿದೆ ಅನ್ನುವುದು ಮಾತ್ರ ಯಾವತ್ತೂ ತಿಳಿಯಲಿಲ್ಲ.

ಫರ್ಮ್‌ವೇರ್ ಅನ್ನುವ ಪದವನ್ನು ನನಗೆ ಎಷ್ಟು ಸಲ ವಿವರಿಸಿದಳೋ. ಕೊನೆಗೊಂದು ದಿನ ಮೆಟ್ಟಿಲ ಮೇಲೆ ಕೂತು, “ನಿಮ್ಮನ್ಯಾಗೆ ಬೆಳಿಗ್ಗೆ ಎಲ್ಲಾರ್ಕಿಂತ ಮೊದ್ಲು ಯಾರು ಏಳ್ತಾರೆ?” ಅಂದಳು.

“ನಾನೇ.”

“ಎದ್ದು?”

“ಲೈಟ್ ಹಾಕ್ತೀನಿ. ಬಾಗಿಲು ತೆಗೀತೀನಿ. ಹಾಲಿನ ಪಾಕೀಟು ಬಂದಿದೆಯಾ ನೋಡ್ತೀನಿ. ಆಮೇಲೆ ಇವರನ್ನ ಎಬ್ಬಿಸ್ತೀನಿ.” ಆಗ ನನ್ನ ಯಜಮಾನರು ಇದ್ದರು.

“ಹಂಗಾದ್ರೆ ನೀವೇ ಫರ್ಮ್‌ವೇರ್. ಕಂಪ್ಯೂಟರಿನ ಯಜಮಾನ ಇನ್ನೂ ಮಲಗಿರ್ತಾನೆ. ಅವನನ್ನ ಎಬ್ಬಿಸೋ ಮಂತ್ರ ಡಿಸ್ಕಿನಾಗೆ ಬರ್ದಿರ್ತೈತೆ. ಓದಿ ಎಬ್ಬಿಸೋದು ನಿಮ್ಮ ಕೆಲಸ. ನಿಮಗೆ ಆ ಅಕ್ಷರ ಓದೋಕೆ ಬರ್ತೈತಾ ಅಂತ ನೋಡೋದು ನನ್ ಕೆಲಸ.”

ಅದಾದ ಮೇಲೆ ಅವಳು ಬೆಳಿಗ್ಗೆ ಗುಡ್ ಮಾರ್ನಿಂಗ್ ಅನ್ನುವುದನ್ನೇ ಬಿಟ್ಟಳು. ಮಹಡಿಯಿಂದ ಬಗ್ಗಿ, “ಫರ್ಮ್‌ವೇರ್ ಎದ್ದೈತೇನ್ರೀ?” ಅನ್ನುವಳು. ನಮ್ಮ ಯಜಮಾನರು ಹಾಸಿಗೆಯಿಂದಲೇ, “ಎದ್ದೈತೆ, ಕಾಫಿ ಮಾತ್ರ ಇನ್ನೂ ಲೋಡ್ ಆಗಿಲ್ಲ” ಅನ್ನುವರು. ಅವರಿಗೆ ಅವಳ ಕೆಲಸ ಅರ್ಥವಾಗಿತ್ತೋ, ಜೋಕ್ ಮಾತ್ರ ಅರ್ಥವಾಗಿತ್ತೋ, ಅದೂ ನನಗೆ ಗೊತ್ತಿಲ್ಲ.

ಇನ್ನೊಂದು ಗೊಂದಲ ಕೊಲೆಯದು. ಆ ಸುಳ್ಳು ಕಂಪ್ಯೂಟರುಗಳನ್ನು ಅವಳು ಹುಟ್ಟಿಸುವಳು, ಡಿಸ್ಕ್ ಉಣಿಸುವಳು, ನೋಡುವಳು, ಮುಗಿಸಿಬಿಡುವಳು. ಫೋನಿನಲ್ಲಿ ಯಾರಿಗೋ ಹೇಳುವುದು ಕೇಳಿಸುತ್ತಿತ್ತು: “ಅದು ಏಳ್ತಿಲ್ಲ, ಕೊಂದು ಹಾಕ್ದೆ. ಈಗ ಇನ್ನೊಂದನ್ನ ಹುಟ್ಟಿಸ್ತೀನಿ. ಇದೂ ಹಂಗೇ ಮಾಡಿದ್ರೆ ಇದನ್ನೂ ಕೊಲ್ತೀನಿ.” ಗ್ಯಾಸ್ ಸಿಲಿಂಡರ್ ಹೊತ್ತು ಮೆಟ್ಟಿಲು ಹತ್ತುತ್ತಿದ್ದವನು ಅರ್ಧದಲ್ಲೇ ನಿಂತುಬಿಟ್ಟ. ಕೆಳಗಿದ್ದ ನನ್ನ ಮುಖ ನೋಡಿ, “ಅಮ್ಮಾ, ಮ್ಯಾಲೆ ಯಾರದಾರ್ರಿ?” ಅಂತ ಪಿಸುಗುಟ್ಟಿದ. “ಇಂಜಿನಿಯರ್” ಅಂದೆ. ಅವನ ಮುಖದಲ್ಲಿ ಸಮಾಧಾನ ಕಾಣಲಿಲ್ಲ. ಸಿಲಿಂಡರ್ ಬಾಗಿಲಲ್ಲೇ ಇಟ್ಟು ಓಡಿದ.

ಟೆಸ್ಟ್ ಫೇಲಾದ ದಿನ ಅವಳು ಖುಷಿಯಾಗಿರುತ್ತಿದ್ದಳು. ಸ್ಕೂಟಿ ತೆಗೆದುಕೊಂಡು ಹೋಗಿ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬಂದು ನಮ್ಮ ವರಾಂಡದಲ್ಲಿ ಪೇಪರ್ ಹರಡುವಳು. ಪಾಸಾದ ದಿನ ಮುಖ ಗಂಟು. ನಾನು ಜೀವನವಿಡೀ ಮಕ್ಕಳು ಪಾಸಾದರೆ ಮಿಠಾಯಿ ತಿಂದವಳು, ನನಗೆ ಇದು ತಲೆಕೆಳಗು.

“ಪಾಸಾತು ಅಂತ ಖುಷಿ ಪಡಬಾರ್ದು ಮಿಸ್. ಯಾಕ ಪಾಸಾತು ಅಂತ ಕೇಳ್ಬೇಕು.”

“ಓದಿರುತ್ತೆ, ಪಾಸಾಗಿರುತ್ತೆ!”

“ಇಲ್ಲಾಂದ್ರೆ ನಾನು ಸುಲಭದ ಪ್ರಶ್ನೆ ಕೊಟ್ಟಿರ್ತೀನಿ.”

ಮದುವೆ ಯಾಕೆ ಆಗಲಿಲ್ಲ ಅಂತ ನಾನು ಕೇಳಿದವಳಲ್ಲ. ಕಾನ್ವೆಂಟಿನಲ್ಲಿ ಪರ್ಸನಲ್ ಕ್ವೆಶ್ಚನ್ ಕೇಳಬಾರದು ಅಂತ ಕಲಿಸಿದ್ದರು. ಒಂದು ಸಂಜೆ ಬಜ್ಜಿಯ ತೊಟ್ಟು ಕಿತ್ತಿಡುತ್ತ ತಾನೇ ಹೇಳಿದಳು. “ಒಬ್ಬ ಬಂದಿದ್ದ ಮಿಸ್. ಚೆನ್ನಾಗೇ ಇದ್ದ. ನಮ್ಮ ಮಾವ ಹತ್ತಿ ರೇಟು ಕೇಳಿದ್ರು, ಹೇಳ್ದ. ನಮ್ಮ ತಮ್ಮ ಕ್ರಿಕೆಟ್ ಕೇಳ್ದ, ಹೇಳ್ದ. ನಾನು ನನ್ ಕೆಲ್ಸದ ಬಗ್ಗೆ ಹೇಳ್ದೆ, ‘ಹಾಂ ಹಾಂ, ಗೊತ್ತು ಗೊತ್ತು’ ಅಂದ. ನಮ್ಮ ಆಫೀಸಿನಾಗೇ ನಾಕು ಜನಕ್ಕೂ ಗೊತ್ತಿರ್ಲಿಲ್ಲ ಅದು. ಇಡೀ ಸಂಜೆ ಒಂದಕ್ಕೂ ‘ನಂಗೊತ್ತಿಲ್ಲ’ ಅನ್ಲಿಲ್ಲ. ಹೆದ್ರಿಕೆ ಆತು.”

“ಅಷ್ಟಕ್ಕೇನಾ?”

“ಓದೋಕೆ ಬರದಿದ್ರೆ ಬರಲ್ಲ ಅನ್ಬೇಕು ಮಿಸ್. ಅರ್ಧ ಓದಿ ಪೂರ್ತಿ ಓದ್ದೆ ಅನ್ನೋನ ಜತಿಗೆ ಹೆಂಗೆ ಬಾಳೋದು?”

ಹುಡುಗನ ಬಗ್ಗೆ ಹೇಳುತ್ತಿದ್ದಾಳೋ ಕಂಪ್ಯೂಟರಿನ ಬಗ್ಗೆಯೋ ಎಂದು ನಾನು ಯೋಚಿಸುತ್ತಿರುವಾಗಲೇ ನನ್ನ ಪಾಲಿನ ಬಜ್ಜಿಯನ್ನೂ ತಿಂದು ಮುಗಿಸಿದ್ದಳು.

ನಮ್ಮ ಯಜಮಾನರು ಹೋದ ಮೇಲೆ ಕಾಫಿಯ ಆ ಉತ್ತರ ನಿಂತಿತು. ಪ್ರಶ್ನೆಯನ್ನು ಅವಳು ನಿಲ್ಲಿಸಲಿಲ್ಲ. ಅದಕ್ಕಾಗಿ ನಾನು ಅವಳಿಗೆ ಥ್ಯಾಂಕ್ಸ್ ಹೇಳಬೇಕಿತ್ತು.

ಅದಾಗಿ ಒಂದು ಮಳೆಗಾಲ ಕಳೆದಿತ್ತೇನೋ. ಅವಳು ಮೂರು ದಿನ ಬಗ್ಗಿ ಮಾತಾಡಿಸಲಿಲ್ಲ. ನಾನೇ ಮೇಲೆ ಹೋದೆ. ಕನ್ನಡಕ ಕೈಯಲ್ಲಿತ್ತು. ಕೆಲಸ ಕೊಡುವವರು ಎಲ್ಲೆಲ್ಲೋ ದೂರದಲ್ಲಿದ್ದರು, ಮುಖ ನೋಡದೆ ಈಮೇಲಿನಲ್ಲೇ ಜಗಳ ಆಡುವ ಜನ. ಅವರು ಬರೆದಿದ್ದರಂತೆ: ಈ ಕಾಲದಲ್ಲಿ ಡಿಸ್ಕ್ ಯಾರು ಬಳಸುತ್ತಾರೆ? ಫರ್ಮ್‌ವೇರಿನಲ್ಲಿ ಡಿಸ್ಕ್ ಓದುವ ಭಾಗವನ್ನೇ ತೆಗೆದುಹಾಕೋಣ. ಬೇಕು ಅನ್ನುವವರು ನಿಜವಾದ ಯಂತ್ರದಲ್ಲಿ, ನಿಜವಾದ ಡಿಸ್ಕ್ ಹಾಕಿ, ಓದಿಸಿ ತೋರಿಸಲಿ. ಸುಳ್ಳು ಯಂತ್ರದ ಸಾಕ್ಷಿ ಸಾಲದು.

“ತೆಗೀಲಿ ಬಿಡಮ್ಮ. ಬೇರೆ ಕೆಲಸ ಕೊಡ್ತಾರೆ.”

“ಬೇರೆ ಕೆಲಸ ಸಿಗ್ತೈತೆ ಮಿಸ್. ಆದ್ರೆ ಈ ಭಾಗ ನಾನು ಬರ್ದಿದ್ದು. ಯಾರಿಗೂ ಬ್ಯಾಡ ಅಂದ್ರೆ ಬಿಡ್ತೀನಿ. ಯಾರಿಗೋ ಬೇಕಿದ್ದು, ನಾನು ಹುಡುಕ್ದೆ ಬಿಟ್ರೆ?” ಸ್ಕ್ರೀನಿನ ಕಡೆ ನೋಡಿದಳು. “ನಿಮಗ್ಯಾರಾದ್ರೂ ಗೊತ್ತೇನ್ರೀ, ಇನ್ನೂ ಡಿಸ್ಕ್ ಹಾಕೋರು?”

ಗೊತ್ತಿತ್ತು. ನನ್ನ ಹಳೆಯ ಸ್ಟೂಡೆಂಟ್ ಒಬ್ಬ ಇಲ್ಲೇ ಊರಂಚಿನ ಕರೂರಿನ ಕೈಗಾರಿಕಾ ಪ್ರದೇಶದಲ್ಲಿ ಚಿಕ್ಕ ಕಾರ್ಖಾನೆ ಇಟ್ಟಿದ್ದಾನೆ, ಬೋರ್‌ವೆಲ್ ಪಂಪಿನ ಬಿಡಿಭಾಗ ಕಡೆಯುವುದು. ಅವನ ದೊಡ್ಡ ಯಂತ್ರಕ್ಕೆ ಒಂದು ಹಳೇ ಕಂಪ್ಯೂಟರ್ ಅಂಟಿಕೊಂಡಿದೆ. ಅದು ಮಲಗಿದರೆ ಏಳಲು ಒಂದು ಸಿಡಿ ಹಾಕಲೇಬೇಕು ಅಂತ ಯಾವುದೋ ಮದುವೆಯಲ್ಲಿ ಹೇಳಿದ್ದ. ಫೋನ್ ಮಾಡಿದೆ. ಅವನು ಒಪ್ಪಲಿಲ್ಲ. ಆಮೇಲೆ “ನೀವೂ ಬರೋದಾದ್ರೆ ಬರ್ರಿ ಮಿಸ್” ಅಂದ.

ಆ ವಯಸ್ಸಿನಲ್ಲಿ ನಾನು ಸ್ಕೂಟಿಯ ಹಿಂದೆ ಕೂತು ಕರೂರಿಗೆ ಹೋದೆ. ಮಡಿಲಲ್ಲಿ ಅವಳ ಫರ್ಮ್‌ವೇರ್ ಹಾಕಿದ ಪುಟ್ಟ ಕಂಪ್ಯೂಟರ್, ಊಟದ ಡಬ್ಬಿಯಷ್ಟು ಇತ್ತು. ಅದರ ಮೇಲೆ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಹುಡುಕಿ ತಂದ ಸೆಕೆಂಡ್‌ಹ್ಯಾಂಡ್ ಡ್ರೈವ್. ಅವಳ ಕೈಗೆ ಬಂದ ಮೊದಲ ನಿಜವಾದ ಡ್ರೈವ್ ಅದೇ ಇರಬೇಕು, ದಾರಿಯುದ್ದಕ್ಕೂ “ಗಟ್ಟಿ ಹಿಡ್ಕಳ್ರಿ ಮಿಸ್, ಅಲ್ಲಾಡಿಸ್ಬ್ಯಾಡ್ರಿ” ಅನ್ನುತ್ತಿದ್ದಳು.

ಕಾರ್ಖಾನೆಯಲ್ಲಿ ನನ್ನ ಸ್ಟೂಡೆಂಟ್ ಕೈ ಒರೆಸಿಕೊಂಡು ಬಂದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಬಾಗಿಲ ಪಕ್ಕ ಸ್ಟೂಲಿನ ಮೇಲೆ ಅವನ ತಂದೆ, ಮಾಯಕೊಂಡದ ಕಡೆಯ ಹಿರಿಯರು, ಹಣೆ ತುಂಬ ವಿಭೂತಿ.

“ಡಿಸ್ಕ್ ಎಲ್ಲೈತ್ರೀ?” ಅಂದಳು ಇವಳು.

“ದೇವ್ರ ಹತ್ರ” ಅಂದ ಅವನು. ಗೋಡೆಯ ಗೂಡಿನಲ್ಲಿ, ಬಸವಣ್ಣನ ಫೋಟೋದ ಹಿಂದಿನಿಂದ ಎರಡೂ ಕೈಯಲ್ಲಿ ತೆಗೆದ. “ಇದು ಕೆಟ್ರೆ ನನ್ ಮಷೀನು ಏಳಲ್ಲ ಮೇಡಂ. ಮಾಡ್ದ ಕಂಪನಿ ಮುಚ್ಚೋತು. ಇನ್ನೊಂದು ಎಲ್ಲೂ ಸಿಗಲ್ಲ. ಮಿಸ್ ಕರ್ಕೊಂಡ್ ಬಂದಾರೆ ಅಂತ ಕೊಡ್ತಿದೀನಿ.”

ಅವಳು ಕವರಿನಿಂದ ತೆಗೆದು ತಿರುಗಿಸಿದಳು. ಹೊಳೆಯುವ ಕಡೆ ಉದ್ದಕ್ಕೆ ಮೂರು ಬೆರಳಿನ ವಿಭೂತಿ ಪಟ್ಟೆ. ನಡುವೆ, ತೂತಿನ ಪಕ್ಕದಲ್ಲಿ ಕುಂಕುಮ.

ಹಿರಿಯರು ಸ್ಟೂಲಿನಿಂದಲೇ ಹೇಳಿದರು, “ಪ್ರತಿ ಆಯುಧಪೂಜೆಗೂ ನಾನೇ ಹಚ್ಚೋದವ್ವ. ಎಲ್ಲಾ ಸಾಮಾನಿಗೂ ಹಚ್ತೀವಿ, ಇದಕ್ಕೆ ಬಿಡಾಕಾಗ್ತೈತಾ?”

“ಈ ಕಡೆ ಯಾಕ ಹಚ್ಚಿದ್ರಿ ಅಜ್ಜಾರೆ?” ಅಂತ ಅವಳು ಮೆಲ್ಲಗೆ ಕೇಳಿದಳು.

“ಹೊಳೆಯೋ ಕಡೆ ಮುಖ ಅಲ್ಲೇನವ್ವ? ಬೆನ್ನಿಗೆ ಯಾರಾರ ವಿಭೂತಿ ಹಚ್ತಾರಾ?”

ಮಗ ತಲೆ ಚಚ್ಚಿಕೊಂಡ. “ಅದಕ್ಕೇ ಅಪ್ಪಾಜಿ ಅದು ಒಂದೊಂದ್ಸಲ ಮೂರ್ ಸಲ ತುರುಕಿದ್ರೂ ಏಳಲ್ಲ!”

“ಎದ್ದಿಲ್ಲೇನು ಇಷ್ಟು ವರ್ಷ? ಹಚ್ಚಿದ್ದಕ್ಕೇ ಎದ್ದೈತೆ.”

ನಾನು ನನ್ನ ಬ್ಯಾಗಿನಿಂದ ಕರ್ಚೀಫ್ ತೆಗೆದೆ. ಟೀಚರ್ ಬುದ್ಧಿ, ಗಲೀಜು ಕಂಡರೆ ಒರೆಸಬೇಕು. ಅವಳು ನನ್ನ ಮಣಿಕಟ್ಟು ಹಿಡಿದುಬಿಟ್ಟಳು.

“ತಡೀರಿ ಮಿಸ್! ಒರೆಸಬ್ಯಾಡ್ರಿ. ಹಿಂಗೇ ಇರ್ಲಿ. ಹಿಂಗೇ ಹಾಕ್ತೀನಿ.”

ಹಾಕಿದಳು. ಡ್ರೈವ್ ಗುರುಗುಟ್ಟಿತು, ಕೆಮ್ಮಿತು, ನಿಂತಿತು, ಮತ್ತೆ ಗುರುಗುಟ್ಟಿತು. ಪುಟ್ಟ ಸ್ಕ್ರೀನಿನ ಮೇಲೆ ಸಾಲುಗಳು ಓಡಿದವು. ಕೊನೆಗೆ ಓಕೆ ಅಂತ ಬಂತು. ನನ್ನ ಸ್ಟೂಡೆಂಟ್ ಚಪ್ಪಾಳೆ ತಟ್ಟಿದ. ಹಿರಿಯರು, “ನೋಡಿದ್ಯೇನಲೇ?” ಅಂದರು. ನಾನು ಕಂಗ್ರಾಜುಲೇಷನ್ಸ್ ಹೇಳಬೇಕೆಂದು ಬಾಯಿ ತೆರೆದೆ. ಅವಳು ಕನ್ನಡಕ ಒರೆಸುತ್ತಿದ್ದಳು.

ಆಮೇಲೆ ಹಿರಿಯರ ಅಪ್ಪಣೆ ಕೇಳಿ, ಮೆತ್ತನೆ ಬಟ್ಟೆಯಿಂದ, ನಡುವಿನಿಂದ ಅಂಚಿನ ಕಡೆಗೆ ಸ್ವಲ್ಪ ಸ್ವಲ್ಪವೇ ವಿಭೂತಿ ಒರೆಸಿದಳು. ಮಗುವಿನ ಮುಖ ಒರೆಸಿದ ಹಾಗೆ. ಮತ್ತೆ ಹಾಕಿದಳು. ಈ ಸಲ ಕೆಮ್ಮಲಿಲ್ಲ. ಮತ್ತೆ ಓಕೆ.

“ಎರಡು ಸಲಾನೂ ಓಕೆ!” ಅಂದೆ.

“ಅದೇ ತಪ್ಪು ಮಿಸ್.” ಸ್ಕ್ರೀನಿನ ಮೇಲೆ ಬೆರಳಿಟ್ಟಳು. “ಎರಡು ಸಲ ಓದಿದ್ದು ಬೇರೆ ಬೇರೆ ಐತೆ. ಮೊದಲ್ನೇ ಸಲ ವಿಭೂತಿ ಕೆಳಗಿನ ಅಕ್ಷರ ಅದಕ್ಕೆ ಕಂಡೇ ಇಲ್ಲ. ಕಾಣದಿದ್ದ ಕಡೆ ಖಾಲಿ ಬಿಟ್ಟು, ಪೂರ್ತಿ ಓದ್ದೆ ಅಂತ ಹೇಳೈತೆ. ಸುಳ್ಳು ಹೇಳೈತೆ. ಅದನ್ನ ಬರ್ದೋಳು ನಾನು.”

“ಇಷ್ಟು ವರ್ಷ ಟೆಸ್ಟ್ ಮಾಡಿದೆಯಲ್ಲಮ್ಮ?”

“ಆ ಸುಳ್ಳು ಡಿಸ್ಕ್ ಎಲ್ಲಾ ನಾನೇ ಮಾಡಿದ್ದು. ಅದಕ್ಕೆ ಗೀರು ಬೀಳಲ್ಲ, ಧೂಳು ಕೂರಲ್ಲ. ವಿಭೂತಿ ಹಚ್ಚೋ ಅಜ್ಜಾರು ಅಲ್ಲಿಲ್ಲ.” ಡ್ರೈವಿನಿಂದ ಡಿಸ್ಕ್ ತೆಗೆಯುತ್ತ, “ನಿಮ್ಮ ಸೂಪ್ ಬಿಸಿ ಇತ್ತು ಮಿಸ್” ಅಂದಳು.

ಹೊರಡುವ ಮೊದಲು ನನ್ನ ಸ್ಟೂಡೆಂಟ್‌ಗೆ ಆ ಡಿಸ್ಕಿನ ಎರಡು ಪ್ರತಿ ಮಾಡಿಕೊಟ್ಟಳು. ಅಜ್ಜಾರಿಗೆ ಒಂದನ್ನು ತಿರುಗಿಸಿ ತೋರಿಸಿದಳು. “ಇನ್ಮ್ಯಾಲೆ ಈ ಕಡೆ ಹಚ್ರಿ ಅಜ್ಜಾರೆ. ಇದೇ ನೆತ್ತಿ ಅಂತ ತಿಳ್ಕಳ್ರಿ.” ಅವರು ಪರೀಕ್ಷಿಸಿ ನೋಡಿ, “ನೆತ್ತಿ ಅಂದ್ರೆ ಆಗ್ತೈತೆ” ಅಂದರು.

ವಾಪಸ್ಸು ಬರುವಾಗ ನಾನು ಹಿಂದಿನಿಂದ ಕೂಗಿ ಕೂಗಿ ಹೇಳಿದೆ, ಎರಡನೇ ಸಲದ್ದನ್ನು ಮಾತ್ರ ಕಳಿಸು, ನಿಜವಾದ ಡಿಸ್ಕ್, ನಿಜವಾದ ಯಂತ್ರ, ಅವರು ಕೇಳಿದ್ದು ಅಷ್ಟೇ ತಾನೇ. ಅದರಲ್ಲಿ ಸುಳ್ಳೇನಿದೆ? ಗಾಳಿಗೆ ಅವಳಿಗೆ ಕೇಳಿಸಲಿಲ್ಲ ಅಂದುಕೊಂಡೆ. ಮನೆಯ ಮುಂದೆ ಗಾಡಿ ನಿಲ್ಲಿಸಿ, “ಅರ್ಧ ಹೇಳಿ ಪೂರ್ತಿ ಹೇಳ್ದೆ ಅಂದಂಗಾಗ್ತೈತಲ್ಲ ಮಿಸ್” ಅಂದು ಕಂಪ್ಯೂಟರ್ ಡಬ್ಬಿ ಇಸಿದುಕೊಂಡು ಮೇಲೆ ಹೋದಳು.

ಎರಡನ್ನೂ ಕಳಿಸಿದಳು. ಜತೆಗೆ ಬರೆದಳಂತೆ: ನನ್ನದೇ ತಪ್ಪು, ಇಂಥ ಕಡೆ ಸುಳ್ಳು ಓಕೆ ಹೇಳುತ್ತದೆ, ತೆಗೆಯುವುದಾದರೆ ತೆಗೆಯಿರಿ, ಇಲ್ಲವಾದರೆ ಸರಿಪಡಿಸಲು ಟೈಮ್ ಕೊಡಿ ಅಂತ. ಒಂದು ತಿಂಗಳಾದ ಮೇಲೆ ಅವಳು ಮಾಡಿದ್ದನ್ನು ಕೇಳಿ ನನ್ನ ತಲೆ ಇನ್ನಷ್ಟು ಕೆಟ್ಟಿತು. ಆ ಸುಳ್ಳು ಯಂತ್ರದ ಸುಳ್ಳು ಡಿಸ್ಕಿಗೆ ಅವಳು ವಿಭೂತಿ ಹಚ್ಚಿದ್ದಳು. ಐ ಮೀನ್, ಓದಲು ಬಾರದ ಹಾಗೆ ಮೂರು ಪಟ್ಟೆಗಳನ್ನು ಬೇಕೆಂದೇ ಕೆಡಿಸಿದ್ದಳು. ಆ ಜಾಗ ಬಂದಾಗ ಫರ್ಮ್‌ವೇರ್ ‘ನನಗೆ ಓದಲು ಬರುತ್ತಿಲ್ಲ’ ಅಂತ ಹೇಳಿ ನಿಲ್ಲಬೇಕು. ನಿಂತರೆ ಪಾಸು. ಆ ಟೆಸ್ಟಿಗೆ ಅವಳಿಟ್ಟ ಹೆಸರು ವಿಭೂತಿ. ಹಾಗಂದರೇನು ಅಂತ ದೂರದ ಯಾರೋ ಕೇಳಿದರಂತೆ. “ಬೂದಿ ಅಂತ ಬರ್ದೆ” ಅಂದಳು. “ಬರೀ ಬೂದಿನಾ?” ಅಂದೆ. “ಅದಕ್ಕಿಂತ ಹೆಚ್ಚು ಹೇಳೋಕೆ ನಂಗೇ ಬರಲ್ಲ ಮಿಸ್.”

ಅವಳ ಭಾಗ ಉಳಿಯಿತು. “ಉಳ್ಕಂತು” ಅಂತ ಮಹಡಿಯಿಂದ ಬಗ್ಗಿ ಹೇಳಿದಳು. ಮುಖ ಗಂಟಾಗಿಯೇ ಇತ್ತು.

“ತಪ್ಪನ್ನ ನೀನೇ ಹೇಳಿದೆಯಲ್ಲ, ಅವರಿಗೆ ನಾಚಿಕೆಯಾಗಿರಬೇಕು.”

“ಅಲ್ಲಿ ನಾಚಿಕೆ ಗೀಚಿಕೆ ಇಲ್ಲ ಮಿಸ್. ಯಾಕ ಉಳ್ಕಂತು ಅಂತ ನೋಡ್ಬೇಕು.” ಆದರೂ ಅವತ್ತು ಮಂಡಕ್ಕಿ ತಂದಳು. ಪಾಸಾದ ದಿನ ಅವಳು ಮಂಡಕ್ಕಿ ತಂದದ್ದು ಅದೊಂದೇ ಸಲ.

ಹೋದ ವರ್ಷ ಹರಿಹರಕ್ಕೆ ವಾಪಸ್ಸಾದಳು. ತಮ್ಮ ತನ್ನ ಮನೆ ಮೇಲೆ ರೂಮು ಕಟ್ಟಿಸಿದ್ದ. ಆ ಮೇಜು, ಸ್ಕ್ರೀನು, ಬ್ಯಾ‌ಟರಿ ಎಲ್ಲ ಹೋದವು. ಬೆಳಗಿನ ಪ್ರಶ್ನೆ ಫೋನಿನಲ್ಲಿ ಬರುತ್ತಿತ್ತು. ಒಂದು ದಿನ ಬರಲಿಲ್ಲ. ಎದೆ ಉರಿ, ಗ್ಯಾಸ್ ಇರಬೇಕು ಅಂತ ಮಲಗಿದಳಂತೆ. ತಮ್ಮ ಕಾಫಿ ತಗೊಂಡು ಹೋಗಿ ಎಬ್ಬಿಸಿದರೆ ಏಳಲಿಲ್ಲ. ಎದುರಿಗೆ ಸ್ಕ್ರೀನು ಉರಿಯುತ್ತಿತ್ತು, ಸಾಲುಗಳು ಓಡುತ್ತಲೇ ಇದ್ದವು, ಏನು ಮುಟ್ಟಿದರೆ ಏನಾಗುತ್ತದೋ ಎಂದು ಮೂರು ದಿನ ಯಾರೂ ಆರಿಸಲಿಲ್ಲ ಅಂತ ಅವನ ಹೆಂಡತಿ ಹೇಳಿದಳು.

ಬಸ್ಸು ದಾವಣಗೆರೆ ಸೇರಿದಾಗ ನನ್ನ ಹತ್ತಿರ ಹಲವು ಸಾಲುಗಳಿದ್ದವು. ಇಂಜಿನಿಯರ್. ಪರೀಕ್ಷಕಿ. ಯಂತ್ರಗಳಿಗೆ ಓದು ಕಲಿಸಿದವರು. ಕೊನೆಯದು ಚೆನ್ನಾಗಿದೆ ಅನ್ನಿಸಿತು, ನನ್ನ ಸ್ಕೂಲಿನ ಸುವನಿಯರ್‌ನಲ್ಲಿ ಹಾಕಬಹುದಾದಂಥದ್ದು. ಮನೆಗೆ ಬಂದು ಫೋನ್ ಕೈಗೆತ್ತಿಕೊಂಡ ಮೇಲೆ, ಅದನ್ನು ಅವಳಿಗೆ ಓದಿ ಹೇಳಿದರೆ ಏನು ಮಾಡುತ್ತಿದ್ದಳು ಎಂದು ಯೋಚಿಸಿದೆ. ಕನ್ನಡಕ ತೆಗೆಯುತ್ತಿದ್ದಳು. ನನಗೆ ಅವಳು ಕಂಡದ್ದು ಎಷ್ಟು? ವರಾಂಡ, ಮಂಡಕ್ಕಿ, ಸ್ಕೂಟಿಯ ಬೆನ್ನು. ಉಳಿದ ಕಡೆಯೆಲ್ಲ ಖಾಲಿ.

“ಏನೂ ಹಾಕಬೇಡಪ್ಪ” ಅಂದೆ ಅವಳ ತಮ್ಮನಿಗೆ.

“ಖಾಲಿನಾ? ಅಂಗಡಿಯೋನ ಡಿಸೈನಿನಾಗೆ ಆ ಸಾಲಿಗೆ ಜಾಗ ಐತಲ್ರೀ ಮಿಸ್.”

“ಜಾಗ ಇರಲಿ. ಹಾಗೇ ಬಿಡು.”

“ಜನ ಕೇಳ್ತಾರೆ.”

“ಕೇಳಲಿ.”

“ನಂಗೂ ಗೊತ್ತಿರ್ಲಿಲ್ಲ ಮಿಸ್. ತಮ್ಮ ಆಗಿ ಗೊತ್ತಿಲ್ಲ ಅಂತ ಹೆಂಗೆ ಹೇಳೋದು ಅಂತ ನಿಮ್ಮನ್ನ ಕೇಳ್ದೆ” ಅಂದ.

ಶಿವಗಣಾರಾಧನೆಗೆ ಹೋದಾಗ ಫ್ಲೆಕ್ಸ್ ಅವರ ಬೀದಿಯ ತಿರುವಿನಲ್ಲೇ ಕಟ್ಟಿತ್ತು. ಅದೇ ಐಡಿ ಕಾರ್ಡಿನ ಮುಖ. ಆದರೆ ಖಾಲಿ ಹಣೆಯ ಮೇಲೆ ಅಂಗಡಿಯವನು ಕಂಪ್ಯೂಟರಿನಲ್ಲೇ ವಿಭೂತಿ ಹಚ್ಚಿಬಿಟ್ಟಿದ್ದ. ಮೂರು ಪಟ್ಟೆ, ಮೂರೂ ಒಂದೇ ಉದ್ದ, ಅಂಚು ಕತ್ತರಿಸಿದಂತೆ ನೇರ. ಯಾವ ಬೆರಳೂ ಎಳೆದದ್ದಲ್ಲ. ಬದುಕಿದ್ದಾಗ ಅಮ್ಮ ಬೈದರೂ ಹಚ್ಚದವಳು. ನನಗೆ ನಗು ಬಂತೋ ಅಳು ಬಂತೋ, ಅದೂ ಸರಿಯಾಗಿ ತಿಳಿಯಲಿಲ್ಲ. ಬ್ಯಾಗಿನಲ್ಲಿ ಕರ್ಚೀಫ್ ಹುಡುಕಿದೆ. ಸಿಕ್ಕಿತು. ಕೈಯಲ್ಲೇ ಹಿಡಿದುಕೊಂಡೆ.

ಪಕ್ಕದಲ್ಲಿ ಕರೂರಿನ ನನ್ನ ಸ್ಟೂಡೆಂಟ್ ಬಂದು ನಿಂತಿದ್ದ. ಸುದ್ದಿ ಕೇಳಿ ಮಷೀನು ನಿಲ್ಲಿಸಿ ಬಂದಿದ್ದನಂತೆ. ಬಸ್ಸಿಗೆ ನಿಂತವರ ಹಾಗೆ ಅವನೂ ಮುಖ ನೋಡಿದ, ಹೆಸರು ಓದಿದ, ಅದರ ಕೆಳಗೆ ಬಿಳಿಯ ಜಾಗದಲ್ಲಿ ಕಣ್ಣಾಡಿಸಿದ.

“ಮಿಸ್, ಇಲ್ಲಿ ಏನೂ ಬರ್ಸಿಲ್ವಲ್ರೀ? ಕೇಳಿದ್ರೆ ನೀವು ಚೆನ್ನಾಗಿ ಬರ್ಕೊಡ್ತಿದ್ರಿ.”

“ನನಗೆ ಓದೋಕೆ ಬರಲಿಲ್ಲಪ್ಪ” ಅಂದೆ.